ತವಾ ಮಾಲಕರದು, ಹೊಟ್ಟೆ ಸದಾನಂದರದು

೨೦೧೧ರಲ್ಲಿ ನಾನು ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ಫಿಜಿಶಿಯನ್ ಆಗಿದ್ದೆ. ಸುತ್ತಲಿನ ಹೋಟೆಲುಗಳ ಕೆಲಸದವರೇ ನಮ್ಮ ಹೆಚ್ಚಿನ ರೋಗಿಗಳು. ದೋಸೆ ಹುಯ್ಯುವ ಸದಾನಂದ ವಾರಗಟ್ಟಲೆ ಭೇದಿಯಿಂದ ಸೊರಗಿ ಬಂದಾಗ ಜೊತೆಗೆ ಅವರ ಹೋಟೆಲ್ ಮಾಲಕರೂ ಇದ್ದರು.

ಹಿಂದೊಮ್ಮೆ ಗಿರಾಕಿಯೊಬ್ಬರು ಹೊಟ್ಟೆ ಕೆಟ್ಟಿತೆಂದು ರಂಪ ಮಾಡಿದ್ದರಂತೆ. ಅಂದಿನಿಂದ ಮಾಲಕರು ಪ್ರತಿ ಸೋಮವಾರ ಅಡುಗೆಮನೆಯವರನ್ನು ಸಾಲಾಗಿ ನಿಲ್ಲಿಸಿ, ಮುನ್ನೆಚ್ಚರಿಕೆಗೆಂದು ಒಂದೊಂದು ಆಂಟಿಬಯಾಟಿಕ್ ಮಾತ್ರೆ ನುಂಗಿಸುತ್ತಿದ್ದರು. ಭೇದಿ ಶುರುವಾದ ಮೇಲೆ ಸದಾನಂದರಿಗೆ ದಿನವೂ ಕೊಟ್ಟರು. ಕೇಳಿ ನನಗೆ ಮೈಯೆಲ್ಲ ಉರಿಯಿತು.

ಮಲಪರೀಕ್ಷೆಯಲ್ಲಿ ಯಾವ ಸೋಂಕೂ ಕಾಣಲಿಲ್ಲ. ನಮ್ಮ ದೊಡ್ಡ ಕರುಳಿನಲ್ಲಿ ಅಸಂಖ್ಯ ಬ್ಯಾಕ್ಟೀರಿಯಾಗಳು ಬಾಡಿಗೆ ಕೊಟ್ಟೇ ವಾಸಿಸುತ್ತವೆ. ನಾವು ಅರಗಿಸಿಕೊಳ್ಳಲಾರದ ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಊಟ. ರೋಗ ತರುವ ಜೀವಾಣುಗಳಿಗೆ ಇವು ಜಾಗವನ್ನೂ ಬಿಡುವುದಿಲ್ಲ. ಮಾತ್ರೆ ಇಂಥವನ್ನೇ ಕೊಲ್ಲುತ್ತಿತ್ತು, ಭೇದಿ ನಿಲ್ಲದಿರಲು ಅದೇ ಕಾರಣ.

"ಒಂದು ಸ್ಟ್ರಾಂಗ್ ಇಂಜೆಕ್ಷನ್ ಹಾಕಿ ಬಿಡಿ ಮಾರಾಯ್ರೆ. ಶನಿವಾರದೊಳಗೆ ಇವ ತವಾಕ್ಕೆ ನಿಲ್ಲದಿದ್ರೆ ಬೇರೆಯವನನ್ನು ಇಡ್ತೇನೆ," ಎಂದರು ಮಾಲಕರು.

ಸದಾನಂದ ತಲೆ ತಗ್ಗಿಸಿದರು. ಮಲಗುವ ಖೋಲಿಯೂ ಹೋಟೆಲಿನದೇ. ಕೆಲಸ ಹೋದರೆ ಸೂರೂ ಹೋಗುತ್ತಿತ್ತು.

"ಹಾಕೋದಿಲ್ಲ," ಎಂದೆ. "ಹಿಟ್ಟು ಹುಳಿ ಬರಲಿ ಅಂತ ಕಾಯೋರು ನೀವು, ಅದಕ್ಕೆ ಫಿನಾಯಿಲ್ ಸುರೀತೀರಾ? ಇವರ ಹೊಟ್ಟೆಗೆ ಸುರೀತಿರೋದು ಅದನ್ನೇ. ಭೇದಿ ನಿಲ್ಲೋವರೆಗೆ ಇವರು ಅಡುಗೆಮನೆಗೆ ಕಾಲಿಡಬಾರದು."

ಮಾಲಕರು ನೇರ ನಮ್ಮ ಮುಖ್ಯ ವೈದ್ಯರ ಬಳಿ ಹೋದರು. ಅವರು ನನ್ನನ್ನು ಕರೆಸಿ, "ಆ ಹೋಟೆಲಿನ ಪೇಷಂಟ್ಸ್ ಎಲ್ಲ ಕೈತಪ್ಪುತ್ತಾರೆ ಮೇಡಂ, ಆ ಇಂಜೆಕ್ಷನ್ ಬರೆದುಬಿಡಿ," ಎಂದರು.

"ತಪ್ಪಲಿ ಸರ್. ಬೇಕಾದರೆ ನೀವೇ ಬರೆದು ಸಹಿ ಹಾಕಿ."

ಅವರು ಪೆನ್ನು ಮುಟ್ಟಲಿಲ್ಲ.

ಸದಾನಂದರನ್ನು ನರ್ಸಿಂಗ್ ಹೋಮಿನಲ್ಲೇ ಉಳಿಸಿಕೊಂಡು, ಆಂಟಿಬಯಾಟಿಕ್ ನಿಲ್ಲಿಸಿ ಓಆರ್‌ಎಸ್ ಮತ್ತು ಗಂಜಿ ಕೊಟ್ಟೆವು. ಆಮೇಲೆ ಮೊಸರನ್ನ, ಬಾಳೆಹಣ್ಣು, ನಿಧಾನವಾಗಿ ತರಕಾರಿ. ಶನಿವಾರ ಬಂತು, ತವಾಕ್ಕೆ ಹೊಸಬನೊಬ್ಬ ನಿಂತ. ಸದಾನಂದರ ಕೆಲಸ ಕಳೆದವಳು ನಾನೇ ಎನ್ನಿಸಿತು. ಆದರೂ ಮಾತು ಬದಲಿಸಲಿಲ್ಲ. ಕ್ರಮೇಣ ಭೇದಿ ನಿಂತಿತು, ಅವರ ಮುಖಕ್ಕೆ ಕಳೆ ಬಂತು.

ಅವರು ಕೆಲಸ ಕೇಳಿ ಹೋಟೆಲಿಗೆ ಮರಳಿ ಹೋದ ದಿನ ಸೋಮವಾರವಾಗಿತ್ತು. ಹೊಸಬನಿದ್ದರೂ ಕೆಲಸ ಕೊಡ್ತೇನೆ, ಆದರೆ ಮಾತ್ರೆ ನುಂಗಿಯೇ ಒಳಗೆ ಬಾ ಎಂದರಂತೆ ಮಾಲಕರು.

"ತವಾ ನಿಮ್ದು ಮಾಲಕ್ರೇ, ಹೊಟ್ಟೆ ನಂದು," ಎಂದರಂತೆ ಸದಾನಂದ.

ಅಂದು ಸಾಲಿನಲ್ಲಿದ್ದ ಒಬ್ಬರೂ ಮಾತ್ರೆಗೆ ಕೈ ಚಾಚಲಿಲ್ಲ. ಅಡುಗೆಮನೆಯನ್ನೇ ಮುಚ್ಚಲಾಗದೆ ಮಾಲಕರು ಸದಾನಂದರನ್ನು ಒಳಗೆ ಬಿಟ್ಟರು.

ಔಷಧಿ ಬರೆಯುವುದನ್ನು ನನಗೆ ಕಾಲೇಜು ಕಲಿಸಿತ್ತು. ಬರೆಯುವುದಿಲ್ಲ ಎಂದು ಹೇಳಿ ಕುರ್ಚಿಯಲ್ಲೇ ಗಟ್ಟಿಯಾಗಿ ಕೂತಿರುವುದನ್ನು ಕೆಲಸ ಕಲಿಸಿತು.