ಜಾರುವ ಬಟನ್ನಿನ ಫೋನು

ಗಾರೆ ಮೇಸ್ತ್ರಿಯ ಮಾತೆಲ್ಲ ಅವನ ಫೋನಿನಲ್ಲಿತ್ತು. ಐದು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಹೋದ ಮೇಲೆ, ಹೇಳಬೇಕಾದ್ದನ್ನು ಬರೆದು ಎದುರಿನವರ ಮುಖಕ್ಕೆ ಹಿಡಿಯುವುದೇ ಅವನ ಮಾತು. ಪರದೆಯನ್ನು ಹೆಬ್ಬೆರಳಲ್ಲಿ ಮೇಲಕ್ಕೆ ದೂಡಿದರೆ ಅಡಿಯಿಂದ ಬಟನ್ನುಗಳ ಸಾಲು ಜಾರಿ ಹೊರಬರುವ ಹಳೆಯ ಸ್ಮಾರ್ಟ್‌ಫೋನು ಅದು. ಜಾರುವಾಗ ‘ಟಕ್’ ಅನ್ನುತ್ತಿತ್ತು. ಬೇರೆಯವರು ಕೆಮ್ಮಿ ಗಂಟಲು ಸರಿಮಾಡಿಕೊಂಡಂತೆ ಅವನಿಗೆ ಆ ಸದ್ದು. ಕೇಳಿದ್ದೇ ಆಳುಗಳು ತಿರುಗುತ್ತಿದ್ದರು. ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ನಿಂತು, ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳೊಂದರಲ್ಲೇ ಅವನು ಸೊಗಸಾಗಿ ಬೈಯಬಲ್ಲವನಾಗಿದ್ದ.

ತಿಂಗಳ ಹಿಂದೆ ಅದರ ಬಟನ್ನುಗಳು ಒಂದೊಂದೇ ಸತ್ತವು. ರಿಪೇರಿಯವನು ಕೈಚೆಲ್ಲಿದ. ಅಂದಿನಿಂದ ಹೆಂಡತಿಯೇ ಅವನ ಬಾಯಿ. ಅವನು ಅರ್ಧ ಸನ್ನೆ ಮಾಡುವಷ್ಟರಲ್ಲಿ ಅವಳು ಪೂರ್ತಿ ಮಾತಾಡಿ ಮುಗಿಸಿರುತ್ತಿದ್ದಳು. ಮೊನ್ನೆ ಅವಳು ಬುತ್ತಿ ತಂದಾಗ ಮನೆ ಕಟ್ಟಿಸುವವನೂ ಅಲ್ಲೇ ಇದ್ದ. ಗೋಡೆ ಹಸಿಯಿದೆ, ಗಿಲಾವು ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಕೈಯಾಡಿಸಿದರೆ, “ಚೆನ್ನಾಗಿ ಬರುತ್ತೆ, ಯೋಚನೆ ಮಾಡ್ಬೇಡಿ ಅಂತಿದಾರೆ” ಎಂದುಬಿಟ್ಟಳು. ಅವನು ಆ ದಿನವೆಲ್ಲ ಕರಣೆಯನ್ನು ಗೋಡೆಗೆ ಬಡಿದದ್ದೇ ಬಡಿದದ್ದು.

ಅದಕ್ಕೇ ಈಗ ಇಬ್ಬರೂ ಫೋನಿನ ಅಂಗಡಿಯಲ್ಲಿದ್ದರು.

“ಏನ್ ಬೇಕು ಸಾರ್?” ಎಂದಳು ಕೌಂಟರಿನ ಹುಡುಗಿ. ಮೇಸ್ತ್ರಿ ಗಂಟಲು ತೋರಿಸಿ ಕೈಯಾಡಿಸಿದ. ಅವಳು ದನಿಯೇರಿಸಿದಳು. “ಏನು! ಬೇಕು! ಸಾರ್!”

“ಕಿವಿ ನನಗಿಂತ ಚೆನ್ನಾಗಿದೆ ಕಣಮ್ಮ, ಕೂಗ್ಬೇಡ” ಎಂದಳು ಹೆಂಡತಿ. “ಬಟನ್ ಜಾರ್ಕೊಂಡು ಹೊರಗೆ ಬರುತ್ತಲ್ಲ, ಅಂಥ ಫೋನ್ ಬೇಕಂತೆ.”

“ಅಯ್ಯೋ, ಅದು ನಮ್ಮಪ್ಪನ ಕಾಲದ್ದು ಆಂಟಿ! ಈಗ ಬರೆಯೋ ಕಷ್ಟಾನೇ ಇಲ್ಲ. ಬಾಯಲ್ಲಿ ಹೇಳಿದ್ರೆ ಸಾಕು, ಅದೇ ಬರ್ಕೊಳ್ಳುತ್ತೆ.”

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಹೆಂಡತಿ ಚಾವಣಿ ನೋಡಿದಳು.

ಹುಡುಗಿ ನಾಲಿಗೆ ಕಚ್ಚಿಕೊಂಡು ಗಾಜಿನ ಫೋನೊಂದನ್ನು ಮುಂದಿಟ್ಟಳು. ಮೇಸ್ತ್ರಿ ಬೆರಳಿಟ್ಟ. ಏನೂ ಆಗಲಿಲ್ಲ. ಒತ್ತಿದ. ಇಲ್ಲ. ಇಪ್ಪತ್ತೆಂಟು ವರ್ಷ ಸಿಮೆಂಟು ತಿಂದು ಜಡ್ಡುಗಟ್ಟಿದ ಬೆರಳಿನ ತುದಿ ಬೆರಳೆಂದೇ ಆ ಗಾಜಿಗೆ ಅನಿಸಲಿಲ್ಲ. ಒಣಗಿದ ಗೋಡೆಗೆ ನೀರು ಚಿಮುಕಿಸುವುದು ಅವನ ಕಸುಬಲ್ಲವೇ? ಕೌಂಟರಿನ ಮೇಲಿದ್ದ ಹುಡುಗಿಯ ನೀರಿನ ಲೋಟಕ್ಕೆ ಬೆರಳದ್ದಿ ಮತ್ತೆ ಒತ್ತಿದ. ಈಗ ಪರದೆಗೆ ದೆವ್ವ ಹಿಡಿಯಿತು. ಒಂದು ಅಕ್ಷರ ಕೇಳಿದರೆ ಒಂಬತ್ತು ಬಂದವು.

“ನೀರು ಹಾಕ್ಬೇಡಿ ಸಾರ್! ಪೆನ್ ಇರೋದು ಕೊಡ್ಲಾ?”

ಪೆನ್ನಿಗೆ ಎರಡು ಕೈ ಬೇಕು, ಸಾರುವೆಯ ಮೇಲೆ ಒಂದು ಕೈ ಕಂಬಕ್ಕೇ ಮೀಸಲು. ಸಾದಾ ಬಟನ್ ಫೋನೂ ಬಂತು. ಅದರ ಪರದೆ ಬೆಂಕಿಪೊಟ್ಟಣದಷ್ಟು. ಅವನ ಮಾತು ಕೇಳಲು ಊರಿನವರೆಲ್ಲ ಕನ್ನಡಕ ಹುಡುಕಬೇಕಿತ್ತು. ಮೇಸ್ತ್ರಿ ಎದ್ದುಬಿಟ್ಟ.

ಮೂರು ಅಂಗಡಿ ಸುತ್ತಿ ಕೊನೆಗೆ ಹಳೆ ಸಾಮಾನಿನವನ ಬಳಿ ಬಂದರು. ಅವನು ಚಾರ್ಜರುಗಳ ರಾಶಿಯಡಿಯಿಂದ ಒಂದು ಫೋನು ಎಳೆದು, ಚಾರ್ಜಿಗೆ ಹಾಕಿ, ಹೊತ್ತಿಸಿ ಕೊಟ್ಟ. ಮೇಸ್ತ್ರಿ ದೂಡಿದ. ಬಟನ್ನುಗಳು ಹೊರಬಂದವು. ಅವನ ಕಣ್ಣು ತೇವವಾಯಿತು.

“ಮೊದಲೇ ಹೇಳ್ಬಿಡ್ತೀನಿ” ಎಂದ ಅಂಗಡಿಯವನು. “ಇದು ತೀರಾ ಹಳೇದು, ಟವರ್ ಹಿಡಿಯಲ್ಲ. ಕಾಲ್ ಬರಲ್ಲ, ಮೆಸೇಜೂ ಹೋಗಲ್ಲ.”

“ಮತ್ತೆ ಅದನ್ನ ಫೋನ್ ಅಂತ ಯಾಕೆ ಕರೀತೀರಿ?” ಹೆಂಡತಿ ಸಿಡುಕಿದಳು. “ರೀ, ಕೇಳಿ. ಆ ಹಳೇದ್ರಲ್ಲಿ ‘ಹೊರಟೆ’ ಅಂತ ಒಂದು ಮೆಸೇಜಾದ್ರೂ ಹಾಕ್ತಿದ್ರಿ. ಸಾರುವೆ ಮೇಲಿಂದ ಬಿದ್ರೂ ನನಗೆ ಗೊತ್ತಾಗಬಾರದಾ?”

“ಅದಕ್ಕೆ ಜೊತೆಗೊಂದು ಚಿಕ್ಕ ಫೋನ್ ಇಟ್ಕೊಳ್ಳಲಿ” ಎಂದ ಅಂಗಡಿಯವನು.

“ಒಂದು ಬಾಯಿಲ್ಲ, ಎರಡು ಫೋನು!” ಅಂದದ್ದು ಅವಳ ಕಿವಿಗೇ ಬಿತ್ತೇನೋ, ಸೆರಗು ಸರಿಮಾಡಿಕೊಂಡಳು. ಆದರೂ ಅಂಗಡಿಯವನ ಕಡೆ ತಿರುಗಿ, “ಬೇಡ ಅಂತಿದಾರೆ, ಎತ್ತಿಡಿ” ಎಂದಳು.

ಮೇಸ್ತ್ರಿ ಫೋನು ಬಿಡಲಿಲ್ಲ. ತಲೆ ಬಗ್ಗಿಸಿ, ಗೊತ್ತಿಲ್ಲದ ಬಟನ್ನುಗಳನ್ನು ತಡಕಾಡಿ ಒತ್ತಿ, ಅಂಗಡಿಯವನ ಮುಖಕ್ಕೆ ಹಿಡಿದ.

‘ಬೇಡ ಅಂದಿದ್ದು ನಾನಲ್ಲ. ಅವಳು.’

ಅಂಗಡಿಯವನು ಗಟ್ಟಿಯಾಗಿ ಓದಿ ನಕ್ಕ. ಹೆಂಡತಿ ನಗಲಿಲ್ಲ. “ನಾನೇನು ನನಗೋಸ್ಕರ—” ಎಂದು ಶುರುಮಾಡಿದಳು. ಮೇಸ್ತ್ರಿ ಎಡಗೈ ಎತ್ತಿ ತಡೆದು ಮತ್ತೆ ಒತ್ತತೊಡಗಿದ. ಒಂದು ತಿಂಗಳಿನ ಮಾತೆಲ್ಲ ಒಟ್ಟಿಗೇ ಬರುತ್ತಿತ್ತು. ತಪ್ಪಿದ ಅಕ್ಷರ ಅಳಿಸಿ, ಹಲ್ಲುಕಚ್ಚಿ, ಮತ್ತೆ ಒತ್ತುತ್ತಿದ್ದ. ಕೈಚೀಲವನ್ನು ಹೆಗಲಿಗೇರಿಸಿದವಳು ಅದನ್ನಿಳಿಸಿ, ಸ್ಟೂಲು ಎಳೆದುಕೊಂಡು ಕೂತಳು.

“ಹೇಳಿ” ಎಂದಳು. “ಪೂರ್ತಿ ಹೇಳಿ.”

ಅವನು ಇನ್ನೂ ಬರೆಯುತ್ತಲೇ ಇದ್ದ.