ಮೈಯಲ್ಲಿ ಉಳಿಯದ ಕರೆಂಟು

ನನ್ನ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂದದ್ದು ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಿತು. ನಂಜನಗೂಡಿನ ಡಾಕ್ಟರು ಮೈಸೂರಿಗೆ ಕಳಿಸಿದರು, ಮೈಸೂರಿನವರು ಬೆಂಗಳೂರಿಗೆ.

ಅದೇ ಹೊತ್ತಿಗೆ ಮಗಳು ಚೊಚ್ಚಲ ಬಸುರಿ. ಅವಳನ್ನು ಸೋಸಲೆಗೆ ಕೊಟ್ಟಿದ್ದೆ. ನಮ್ಮಲ್ಲಿ ಮೊದಲ ಬಾಣಂತನ ತವರಿನಲ್ಲೇ ಆಗಬೇಕು, ಹೆತ್ತವಳೇ ಮಾಡಬೇಕು. ಹಳೇ ಸೀರೆ ಒಗೆದು ಕೂಸಿನ ಬಟ್ಟೆಗೆಂದು ಹರಿದಿಟ್ಟಿದ್ದೆ. ಹರಳೆಣ್ಣೆ ಕಾಯಿಸಿ ಸೋಸಿಟ್ಟಿದ್ದೆ. ಸಾಯುವ ಭಯ ಅಷ್ಟೇನೂ ಇರಲಿಲ್ಲ. ಆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯಲು ಇರುತ್ತೇನೋ ಇಲ್ಲವೋ, ತಲೆಯಲ್ಲಿದ್ದದ್ದು ಅದೊಂದೇ.

ಗಂಡ ಹಸು ನೋಡಿಕೊಂಡು ಊರಲ್ಲೇ ಉಳಿದ. ಆಸ್ಪತ್ರೆಗೆ ಜೊತೆ ಬಂದವಳು ನನ್ನ ತಂಗಿ, ಮೂಗೂರಿಗೆ ಕೊಟ್ಟವಳು. ಅವಳಿಗೆ ಮಕ್ಕಳಿಲ್ಲ. ತೊಂಬತ್ತರ ಸುಮಾರಿನಲ್ಲಿ ಒಂದು ಹುಟ್ಟಿತ್ತು, ಉಸಿರಿಲ್ಲದೆ. ಕೂಸಿಲ್ಲದ ಆ ಬಾಣಂತನವನ್ನು ನಾನೇ ಮಾಡಿದೆ. ಹಾಲು ಇಂಗಲೆಂದು ಎದೆಗೆ ಮಲ್ಲಿಗೆ ಹೂ ಕಟ್ಟಿದೆ. ಎಣ್ಣೆ ಹಚ್ಚಿ ನೀರು ಹಾಕಿದೆ. ಅವಳು ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು.

ರೇಡಿಯೇಷನ್ ಅನ್ನುವುದಕ್ಕೆ ನಮ್ಮ ಕಡೆ ಕರೆಂಟು ಕೊಡುವುದು ಎನ್ನುತ್ತಾರೆ. ಮೊದಲು ಹೊರಗಿನಿಂದ ಕೊಟ್ಟರು. ಆಮೇಲೆ ಒಳಗಿನ ಕರೆಂಟು ಎಂದರು. ಕೆಳಗಿನಿಂದ ಗರ್ಭಕೋಶದೊಳಕ್ಕೆ ನಳಿಗೆ ಇಟ್ಟು, ಅದು ಒಳಗಿರುವಾಗಲೇ ಎಂಆರ್‌ಐ ಸ್ಕ್ಯಾನ್ ಮಾಡುತ್ತಾರೆ. ಗೆಡ್ಡೆ ಎಷ್ಟು ಉಳಿದಿದೆ, ಉಚ್ಚೆ ಚೀಲ ಎಲ್ಲಿದೆ, ಕರುಳು ಎಲ್ಲಿದೆ ಎಂದು ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತದಂತೆ. ನೋಡಿಕೊಂಡು ಗೆಡ್ಡೆಯ ಮೇಲೆ ಬೀಳುವ ಹಾಗೆ ಕರೆಂಟು ಬಿಡುತ್ತಾರೆ.

"ಗದ್ದೆಗೆ ನೀರು ಕಟ್ಟುವಾಗ ಪಕ್ಕದವರ ಗದ್ದೆಗೆ ಹೋಗದ ಹಾಗೆ ನೋಡ್ಕೊಳ್ಳಲ್ವಾ, ಹಾಗೆ" ಎಂದರು ಡಾಕ್ಟರಮ್ಮ. ಅದು ನನಗೆ ಅರ್ಥವಾಯಿತು.

ಅದಕ್ಕೆ ಮೊದಲು ಮೈಮೇಲಿನ ಲೋಹವೆಲ್ಲ ಬಿಚ್ಚಬೇಕು. ಮೂಗುತಿ, ಕಾಲುಂಗುರ ಬಿಚ್ಚಿದೆ. ನರ್ಸು ತಾಳಿಗೆ ಕೈ ಹಾಕಿದಳು.

"ಅದ ಮುಟ್ಬೇಡ ಕಣವ್ವ. ಗಂಡ ಬದುಕವ್ನೆ" ಎಂದೆ.

"ಬಿಡಲ್ಲಮ್ಮ ಒಳಗೆ. ಅದು ದೊಡ್ಡ ಅಯಸ್ಕಾಂತ."

ತಂಗಿ ಸೊಂಟದಿಂದ ಒಂದು ದಾರ ತೆಗೆದಳು. ಅದರಲ್ಲಿ ಅರಿಶಿನ ಕೊಂಬು. "ಬಾವನ ಕೈಲಿ ಮುಟ್ಟಿಸ್ಕೊಂಡು ತಂದಿವ್ನಿ ಕಣಕ್ಕ. ಇದ ಕಟ್ಕೊ, ಆಮೇಲೆ ಅದ ಬಿಚ್ಚು. ಅರಿಶಿನವ ಯಾವ ಮಿಷನ್ನೂ ಎಳಿಯಾಕಿಲ್ಲ."

ತಾಳಿಯನ್ನು ಅವಳ ಸೆರಗಿಗೆ ಗಂಟು ಹಾಕಿದೆ. ಒಡಹುಟ್ಟಿದವಳು ಅಂದರೆ ಇವಳು ಎಂದುಕೊಂಡೆ.

ಬೆನ್ನಿಗೆ ಸೂಜಿ ಹಾಕಿದರು, ಸೊಂಟದ ಕೆಳಗಿನ ಮೈ ನನ್ನದೇ ಅಲ್ಲವಾಯಿತು. ನಳಿಗೆ ಇಟ್ಟರು. ಸ್ಕ್ಯಾನಿನೊಳಗೆ ಯಾರೋ ತಗಡು ಬಡಿದಂತೆ ಸದ್ದು. ಆಮೇಲೆ ಇನ್ನೊಂದು ಕೋಣೆಗೆ ತಳ್ಳಿಕೊಂಡು ಹೋದರು. ಕರೆಂಟು ಬಿಡುವ ಮುಂಚೆ ಎಲ್ಲರೂ ಆಚೆ ಹೋಗಿ ದಪ್ಪನೆಯ ಬಾಗಿಲು ಹಾಕಿಕೊಂಡರು. ನಾನೊಬ್ಬಳೇ ಉಳಿದೆ. ನೋವೇನಿಲ್ಲ. ಆದರೆ ಆ ಬಾಗಿಲು ಮನಸ್ಸಿನಲ್ಲಿ ನಿಂತಿತು.

ಕೊನೆಯ ಸಲ ನಳಿಗೆ ತೆಗೆದ ದಿನ ನಾನು ಮಂಪರಿನಲ್ಲಿದ್ದೆ. ಡಾಕ್ಟರಮ್ಮ ತಂಗಿಯನ್ನು ಕರೆದು ಏನೋ ಹೇಳುತ್ತಿದ್ದದ್ದು ಕಂಡಿತು. ಏನೆಂದು ಕೇಳಿದ್ದಕ್ಕೆ ತಂಗಿ ಹೇಳಿದ್ದಿಷ್ಟು:

"ನಿನ್ ಮೈಯಲ್ಲಿ ಒಂದ್ ವರ್ಸ ಕರೆಂಟ್ ಇರ್ತದಂತೆ ಕಣಕ್ಕ. ಬಸುರಿ, ಕೂಸು ಅತ್ರ ಬರ್ಬಾರ್ದಂತೆ. ಬಾಣಂತನಕ್ಕೆ ನಮ್ಮನೆಗೇ ಕರ್ಕೊಂಡ್ ಓಯ್ತೀನಿ ಬುಡು."

ನಂಬಿದೆ. ಎಲ್ಲರೂ ಬಾಗಿಲು ಹಾಕಿಕೊಂಡು ಓಡಿದ್ದನ್ನು ಕಣ್ಣಾರೆ ಕಂಡವಳು ನಂಬದೆ ಏನು ಮಾಡಲಿ? ಮನೆಗೆ ಬಂದು ನನ್ನ ತಟ್ಟೆ ಲೋಟ ನಾನೇ ಬೇರೆ ಮಾಡಿಕೊಂಡೆ. ಜಗುಲಿಯಲ್ಲಿ ಮಲಗಿದೆ. ಪಕ್ಕದ ಮನೆಯ ಮಕ್ಕಳು ಬಂದರೆ ಕಲ್ಲು ತೋರಿಸಿ ಓಡಿಸಿದೆ. ಹರಿದಿಟ್ಟ ಬಟ್ಟೆ, ಎಣ್ಣೆ ಎಲ್ಲ ಮೂಗೂರಿಗೆ ಕೊಟ್ಟು ಕಳಿಸಿದೆ.

ಹೆಣ್ಣುಕೂಸು ಹುಟ್ಟಿತು. ಹೆಸರಿಡುವ ದಿನ ನಾನು ತಂಗಿ ಮನೆಯ ಎದುರು, ಬೀದಿಯ ಆಚೆ ಬದಿಯಲ್ಲಿ ನಿಂತೆ. ಅವಳು ಬಾಗಿಲಲ್ಲಿ ಕೂಸನ್ನು ಎತ್ತಿ ಹಿಡಿದು ತೋರಿಸಿದಳು. ಬಿಸಿಲಿಗೆ ಮುಖ ಮುಚ್ಚಿದ್ದರು. ಬಟ್ಟೆ ಮಾತ್ರ ಕಂಡಿತು. ಅದು ನನ್ನ ಸೀರೆಯದು.

ಕೂಸಿಗೆ ಐದನೇ ತಿಂಗಳು ನಡೆಯುವಾಗ ಆಸ್ಪತ್ರೆಗೆ ತೋರಿಸಲು ಗಂಡನ ಜೊತೆ ಹೋದೆ. ಗೆಡ್ಡೆಯ ಗುರುತೂ ಇಲ್ಲ ಎಂದರು ಡಾಕ್ಟರಮ್ಮ. "ಮೊಮ್ಮಗು ಹೇಗಿದೆ?"

"ವರ್ಷ ಆಗಲಿ, ಮುಟ್ಟಿ ಹೇಳ್ತೀನಿ" ಎಂದೆ.

ಅವರಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಪೆನ್ನು ಕೆಳಗಿಟ್ಟರು.

"ಯಾರಮ್ಮ ಹಾಗಂದಿದ್ದು? ಕರೆಂಟು ಮಿಷನ್ನಿಂದ ಬಂದು ಮಿಷನ್ನಿಗೇ ವಾಪಸ್ ಹೋಗುತ್ತೆ. ಮೈಯಲ್ಲಿ ಏನೂ ಉಳಿಯಲ್ಲ. ಕೂಸನ್ನ ಧಾರಾಳವಾಗಿ ಎತ್ತಿಕೊಳ್ಳಲಿ ಅಂತ ನಿಮ್ಮ ತಂಗಿಗೆ ಅವತ್ತೇ ಹೇಳಿದೆನಲ್ಲ. ನಿಮ್ಮ ಮಗಳೂ ಫೋನ್ ಮಾಡಿ ಕೇಳಿದ್ದರು, ಅವರಿಗೂ ಅದನ್ನೇ ಹೇಳಿದೆ."

ಮರುದಿನ ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಮೂಗೂರಿನಲ್ಲಿ ಇಳಿದೆ. ತಂಗಿ ಬಚ್ಚಲಲ್ಲಿ ಕಾಲು ನೀಡಿ ಕೂತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಮಗಳು ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು.

"ಡಾಕ್ಟ್ರು ನಿಂಗ್ ಏನ್ ಏಳಿದ್ರೇ?"

ಅವಳ ಕೈ ನಿಲ್ಲಲಿಲ್ಲ. "ಬಿಸ್ಲಲ್ ಬಂದಿದ್ದೀ, ನೀರ್ ಕುಡಿಯಕ್ಕ."

"ನೀರು ನಮ್ಮೂರಲ್ಲೂ ಅದೆ. ಕೇಳಿದ್ದ ಏಳು."

"ನೀ ಉಳ್ಕೊತೀಯ ಅಂತ ಯಾರ್ ಕಂಡಿದ್ರು..."

"ಅದು ಬುಡು. ನಿಜ ಬೊಗಳು."

ಈಗ ಕೈ ನಿಂತಿತು. "ನೀ ಮೂರ್ ಮಕ್ಳ ಎತ್ತು ಸಾಕ್ದೆ. ನನ್ ಕಾಲ್ ಮ್ಯಾಲೆ ಒಂದ್ ಕೂಸು ಮನೀಕೊಬಾರ್ದಾ?"

"ಬಾಯ್ಬುಟ್ಟು ಕೇಳಿದ್ರೆ ಕೊಡ್ತಿರ್ನಿಲ್ವಾ?"

"ಕೊಡ್ತಿರ್ನಿಲ್ಲ ಕಣಕ್ಕ."

ಅದು ನಿಜವೇ. ಕೊಡುತ್ತಿರಲಿಲ್ಲ. ಮಗಳ ಕಡೆ ತಿರುಗಿದೆ. "ನಿಂಗೂ ಗೊತ್ತಿತ್ತು."

"ಚಿಕ್ಕವ್ವ ಅತ್ಬುಟ್ಲು ಕಣವ್ವ. ಒಂದ್ ಬಾಣಂತನ ತಾನೇ ಅಂತ..."

"ನಾ ಅಳಾಕಿಲ್ವಲ್ಲ, ಅದ್ಕೆ."

ಕೂಸನ್ನು ತಂಗಿಯ ಕಾಲ ಮೇಲಿಂದ ಎತ್ತಿಕೊಂಡೆ. ಎಣ್ಣೆ ಮೈ, ಜಾರುತ್ತಿತ್ತು. ಮುಖ ನೋಡಿ ಕಿಟಾರನೆ ಕಿರುಚಿ ಅವಳ ಕಡೆಗೇ ಕೈ ಚಾಚಿತು. ಅವಳನ್ನು ಏಳಿಸಿ ಅದೇ ಮಣೆಯ ಮೇಲೆ ಕೂತು ಕಾಲು ನೀಡಿದೆ.

"ನೀರು ಬಿಸಿ ಅದೆ ಕಣಕ್ಕ, ಬೆರಸ್ಬೇಕು" ಎಂದಳು ತಂಗಿ.

"ನೀ ಆಚ್ಗೋಗು. ಓಗಿ ಬಾಗ್ಲಾಕ್ಕೊ. ನನ್ ಮೈಯಲ್ಲಿ ಕರೆಂಟದೆ."

ಇಬ್ಬರೂ ಹೋದರು. ಬಾಗಿಲು ಮುಚ್ಚಿದ ಸದ್ದಾಯಿತು. ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಹುಯ್ದೆ. ಕೂಸು ಕೊನೆಯ ಚೊಂಬಿನವರೆಗೂ ಅಳುತ್ತಲೇ ಇತ್ತು.