ನನ್ನ ಪಾಲಿಗೆ ಬಾರದ ನಗು

ಕಾಲು ಮುರಿದುಕೊಂಡು ಕಾರವಾರದ ಆಸ್ಪತ್ರೆ ಸೇರಿದ ನನಗೆ ನೋವಿಗಿಂತ ಹೆಚ್ಚು ಉರಿ ಹತ್ತಿಸಿದ್ದು ಕದ್ವಾಡದ ಕಲಾವತಿ ಸಿಸ್ಟರ್ ನಗು. ಇಡೀ ವಾರ್ಡಿಗೆ ಅವಳೊಬ್ಬಳೇ. ಕೂರಲು ಇದ್ದ ಒಂದು ಕುರ್ಚಿಯನ್ನೂ ಡಾಕ್ಟರರ ಕೋಣೆಗೆ ಒಯ್ದಿದ್ದರು. ಆದರೂ ಮುಖದ ತುಂಬ ನಗು. ಸೂಜಿ ಕಂಡರೆ ಕಿರುಚುವ ಮುದುಕನೂ ಅವಳಿಗೆ ‘ತಮಾ’, ಗಂಜಿಯ ಬಟ್ಟಲು ಎಸೆಯುವ ಪಕ್ಕದ ಹಾಸಿಗೆಯ ವಿನೋದನೂ ‘ತಮಾ’. “ಸಿಟ್ ಮಾಡ್ಬೇಡಾ ತಮಾ, ಎರಡ್ ತುತ್ತು ಉಣ್ಣು” ಎಂದು ಅವನನ್ನು ರಮಿಸುವಾಗ ನನಗೂ ಬಟ್ಟಲು ಎಸೆಯಬೇಕೆನಿಸುತ್ತಿತ್ತು. ನನ್ನ ಬಳಿ ಬಂದಾಗ ಮಾತ್ರ ಮುಖ ಗಂಟಿಕ್ಕಿಕೊಂಡು “ಗುಳ್ಗಿ ತಕಳಿ” ಎನ್ನುವುದು, ಅಷ್ಟೇ. ಹಾರವಾಡದ ಮನೆಯಿಂದ ಇಸ್ತ್ರಿ ಅಂಗಿ ತರಿಸಿ ತೊಟ್ಟು, ತಲೆ ಬಾಚಿ ಕಾದೆ. ಗುಳಿಗೆ ಬಂತು, ನಗು ಬರಲಿಲ್ಲ. ನಿನ್ನೆ ಮಧ್ಯಾಹ್ನ, ಡಾಕ್ಟರು ಬರಲಿಲ್ಲವೆಂದು ವಿನೋದನ ಮನೆಯವರು ಅವಳ ಮೇಲೆ ಕೂಗಾಡಿ ಹೋದ ಮೇಲೆ, ಸೀದಾ ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತಳು. ಚಪ್ಪಲಿ ಕಳಚಿ ಕಣ್ಣು ಮುಚ್ಚಿದಳು. “ಇಲ್ಲೆಂತಕ್ಕೆ?” ಎಂದೆ, ಸಿಡುಕಿನಿಂದಲೇ. “ನಗ್ದೇ ಇದ್ರೆ ಉಳ್ದೋರೆಲ್ಲಾ ದೂರು ಕೊಡ್ತಾರೆ. ನೀವು ಕೊಡುದಿಲ್ಲ ಅಲ್ರಾ. ಸ್ವಲ್ಪ ಕೂತ್ಕಳ್ತೆ” ಎಂದಳು. ಮುರಿಯದ ಕಾಲನ್ನು ಮೆಲ್ಲಗೆ ಸರಿಸಿ ಅವಳಿಗೆ ಜಾಗ ಮಾಡಿದೆ. ವಿನೋದ ನನ್ನನ್ನೇ ಉರಿಗಣ್ಣಿನಿಂದ ನೋಡುತ್ತಿದ್ದ.